ಭೋಜನಪೂರ್ವ ಪಾನೀಯಗಳ ಆಯ್ಕೆ: ಹುಳಿ ಮತ್ತು ಕಹಿಯ ವ್ಯಾಪಾರ ಮೌಲ್ಯ

ಮಲ್ಲಳ್ಳಿ ಜಲಪಾತವನ್ನು ನೋಡಿ, ಪುಷ್ಪಗಿರಿಯ ತಪ್ಪಲಿನಲ್ಲಿ ಸುತ್ತಾಡಿ ಸಂಜೆಗೆ ಹೋಂಸ್ಟೇಗೆ ಮರಳುವ ಪ್ರವಾಸಿಗೆ ಮೊದಲು ದೊರೆಯುವುದು ಒಂದು ಲೋಟ ತಣ್ಣನೆಯ ಪಾನೀಯ. ಸಾಮಾನ್ಯವಾಗಿ ಅದು ಬಾಟಲಿಯ ಸ್ಕ್ವಾಷಿಗೆ ನೀರು ಬೆರೆಸಿದ ಸಿಹಿ ಪಾನೀಯವಾಗಿರುತ್ತದೆ. ಅರ್ಧ ಗಂಟೆಯ ಬಳಿಕ ಅಕ್ಕಿರೊಟ್ಟಿ, ಕಡಂಬುಟ್ಟು, ಕಳಲೆ ಪಲ್ಯ, ಮಾಂಸದ ಸಾರು ಎಲ್ಲವನ್ನೂ ಬಡಿಸಿದಾಗ ಅತಿಥಿ ಅರ್ಧ ಉಂಡು ಕೈತೊಳೆಯುತ್ತಾನೆ. ಅಡುಗೆ ರುಚಿಸಲಿಲ್ಲವೆಂದು ಮನೆಯವರು ನೊಂದುಕೊಳ್ಳುತ್ತಾರೆ. ಆದರೆ ಅನೇಕ ವೇಳೆ ದೋಷವಿರುವುದು ಅಡುಗೆಯಲ್ಲಲ್ಲ, ಊಟಕ್ಕೆ ಮೊದಲು ಕೊಟ್ಟ ಲೋಟದಲ್ಲಿ.

ಊಟಕ್ಕೆ ಮೊದಲು ಏನನ್ನು ಕುಡಿಯಬೇಕೆಂಬುದು ಪಾಶ್ಚಾತ್ಯ ದೇಶಗಳಲ್ಲಿ ಎರಡು ಶತಮಾನಗಳಿಗೂ ಹೆಚ್ಚು ಕಾಲದಿಂದ ಒಂದು ಶಾಸ್ತ್ರವಾಗಿಯೂ ದೊಡ್ಡ ಉದ್ಯಮವಾಗಿಯೂ ಬೆಳೆದಿದೆ. ಆ ಶಾಸ್ತ್ರದ ಮೂಲ ಸಾಮಗ್ರಿಗಳು ಹುಳಿ, ಕಹಿ ಮತ್ತು ಪರಿಮಳ. ಇವೇ ಗುಣಗಳುಳ್ಳ ಪದಾರ್ಥಗಳು ಸೋಮವಾರಪೇಟೆಯ ಸುತ್ತಲಿನ ತೋಟಗಳಲ್ಲಿಯೂ ಹಿತ್ತಿಲುಗಳಲ್ಲಿಯೂ ಬೆಳೆಯುತ್ತಿದ್ದು, ಸಿಹಿಯನ್ನೇ ಬಯಸುವ ಮಾರುಕಟ್ಟೆಯಲ್ಲಿ ಅವುಗಳಿಗೆ ತಕ್ಕ ಬೆಲೆ ದೊರೆಯುತ್ತಿಲ್ಲ. ಆದ್ದರಿಂದ ಈ ವಿಷಯವು ಹೋಂಸ್ಟೇ ಮತ್ತು ಹೋಟೆಲು ನಡೆಸುವವರಿಗೆ ಎಷ್ಟು ಉಪಯುಕ್ತವೋ ಹಣ್ಣಿನ ಪಾನೀಯ ತಯಾರಿಸುವ ಸಣ್ಣ ಉದ್ದಿಮೆದಾರರಿಗೂ ವರ್ತಕರಿಗೂ ಅಷ್ಟೇ ಉಪಯುಕ್ತವಾಗಿದೆ.

ಅರ್ಥ ಮತ್ತು ಹಿನ್ನೆಲೆ

ಊಟಕ್ಕೆ ಮುಂಚಿನ ಪಾನೀಯಕ್ಕೆ ಫ್ರೆಂಚ್ ಭಾಷೆಯಲ್ಲಿ ‘ಅಪೆರಿಟಿಫ್’ ಎಂದು ಹೆಸರು. ‘ತೆರೆಯುವುದು’ ಎಂಬರ್ಥದ ಲ್ಯಾಟಿನ್ ಧಾತುವಿನಿಂದ ಈ ಪದ ಬಂದಿದೆ. ಹಸಿವಿನ ಬಾಗಿಲನ್ನು ತೆರೆಯುವುದು ಎಂಬುದು ಇದರ ಭಾವ. ಈ ಕಲ್ಪನೆ ನಮಗೆ ಹೊಸದಲ್ಲ. ಊಟಕ್ಕೆ ಮೊದಲು ಹಸಿಶುಂಠಿಯ ಚೂರಿಗೆ ಉಪ್ಪು ಸೇರಿಸಿ ತಿನ್ನುವ ಪದ್ಧತಿ ನಮ್ಮ ಮನೆಗಳಲ್ಲಿ ಹಿಂದಿನಿಂದಲೂ ಇದೆ. ಜಠರಾಗ್ನಿಯನ್ನು ಉದ್ದೀಪಿಸುವ ದ್ರವ್ಯಗಳನ್ನು ಆಯುರ್ವೇದವು ‘ದೀಪನ’ ಎಂದು ಪ್ರತ್ಯೇಕವಾಗಿ ವಿಂಗಡಿಸಿದೆ. ಶುಂಠಿ, ಮೆಣಸು, ಹಿಪ್ಪಲಿ ಸೇರಿದ ತ್ರಿಕಟು ಇದಕ್ಕೆ ಸುಪರಿಚಿತ ಉದಾಹರಣೆ.

ಯೂರೋಪಿನಲ್ಲಿ ಇದು ವಾಣಿಜ್ಯವಾಗಿ ಬೆಳೆದ ಬಗೆ ಗಮನಾರ್ಹವಾಗಿದೆ. 1786ರಲ್ಲಿ ಇಟಲಿಯ ಟ್ಯೂರಿನ್ ನಗರದಲ್ಲಿ ಆಂಟೋನಿಯೊ ಬೆನೆಡೆಟ್ಟೊ ಕಾರ್ಪಾನೊ ಎಂಬಾತ ದ್ರಾಕ್ಷಾರಸಕ್ಕೆ ಗಿಡಮೂಲಿಕೆಗಳನ್ನು ಸೇರಿಸಿದ ‘ವರ್ಮುತ್’ ಎಂಬ ಪಾನೀಯವನ್ನು ಮಾರಾಟಕ್ಕೆ ತಂದನು. 1846ರಲ್ಲಿ ಫ್ರಾನ್ಸಿನ ಜೋಸೆಫ್ ದ್ಯುಬೊನೆ ಎಂಬಾತ ಸಿಂಕೋನಾ ತೊಗಟೆಯ ಕಹಿಯನ್ನು ಸೇರಿಸಿ ತನ್ನ ಹೆಸರಿನ ಪಾನೀಯವನ್ನು ರೂಪಿಸಿದನು. 1860ರಲ್ಲಿ ಗ್ಯಾಸ್ಪರೆ ಕಾಂಪಾರಿಯ ಕೆಂಪು ಬಣ್ಣದ ಕಹಿ ಪಾನೀಯವೂ, 1919ರಲ್ಲಿ ಪಾಡುವಾ ನಗರದ ಬಾರ್ಬಿಯೇರಿ ಸಹೋದರರ ‘ಅಪೆರಾಲ್’ ಎಂಬ ಸೌಮ್ಯ ಪಾನೀಯವೂ ಮಾರುಕಟ್ಟೆಗೆ ಬಂದವು. ಮೊದಮೊದಲು ಚಿಕ್ಕ ಅಂಗಡಿಗಳಲ್ಲಿ ತಯಾರಾಗುತ್ತಿದ್ದ ಇಂತಹ ಸರಕುಗಳು ಮುಂದೆ ಜಗತ್ತಿನಾದ್ಯಂತ ಮಾರಾಟವಾದವು.

ಈ ಚರಿತ್ರೆಯ ಒಂದು ಎಳೆ ಭಾರತಕ್ಕೂ ತಲುಪಿದೆ. ಕುಡಿಯುವ ನೀರಿನ ಬಾಟಲಿಗೆ ಪರ್ಯಾಯ ಪದವೇ ಆಗಿರುವ ‘ಬಿಸ್ಲೇರಿ’ ಎಂಬುದು ಮೂಲತಃ ಮಿಲಾನ್ ನಗರದ ಫೆಲಿಚೆ ಬಿಸ್ಲೇರಿಯ ಹೆಸರು. ಆತ 1881ರಲ್ಲಿ ತಯಾರಿಸಿದ್ದು ನೀರನ್ನಲ್ಲ, ಕಬ್ಬಿಣಾಂಶ ಮತ್ತು ಸಿಂಕೋನಾ ಸೇರಿದ ಕಹಿ ಪಾನೀಯವನ್ನು. ಆ ಹೆಸರು 1965ರಲ್ಲಿ ನೀರಿನ ಬಾಟಲಿಯ ರೂಪದಲ್ಲಿ ಮುಂಬೈಗೆ ಬಂದು, 1969ರಲ್ಲಿ ಪಾರ್ಲೆ ಸಂಸ್ಥೆಯ ವಶವಾಯಿತು. ಇನ್ನು ಜಿನ್ನಿಗೆ ಬೆರೆಸುವ ಟಾನಿಕ್ ನೀರಿನ ಕಹಿಯೂ ಸಿಂಕೋನಾದಿಂದ ದೊರೆಯುವ ಕ್ವಿನೈನಿನದೇ. ಮಲೇರಿಯಾ ನಿವಾರಣೆಗಾಗಿ 1860ರ ದಶಕದಲ್ಲಿ ನೀಲಗಿರಿಯಲ್ಲಿ ಸಿಂಕೋನಾ ತೋಟಗಳು ಆರಂಭವಾಗಿದ್ದವು. ಔಷಧಿಯ ಕಹಿಯೇ ಮುಂದೆ ಸಂಜೆಯ ರುಚಿಯಾಗಿ ಮಾರ್ಪಟ್ಟಿತು.

ಹಸಿವು ಕೆರಳುವ ಬಗೆ

ಹುಳಿ ನಾಲಿಗೆಗೆ ತಾಗಿದೊಡನೆ ಬಾಯಲ್ಲಿ ನೀರೂರುತ್ತದೆ. ಹುಣಸೆಯನ್ನು ನೆನೆದರೂ ಸಾಕು ಎಂಬಷ್ಟು ಇದು ಎಲ್ಲರ ಅನುಭವಕ್ಕೆ ಬಂದಿರುವ ಸಂಗತಿ. ಜೊಲ್ಲಿನ ಜೊತೆಗೆ ಜಠರರಸದ ಸ್ರಾವಕ್ಕೂ ರುಚಿ ಮತ್ತು ಪರಿಮಳಗಳು ಪ್ರೇರಣೆ ನೀಡುತ್ತವೆ. ಕಹಿ ರುಚಿಯು ಬಾಯಿಯಲ್ಲಿ ಬಹಳ ಹೊತ್ತು ನಿಲ್ಲುವುದರಿಂದ ಅದನ್ನು ಕಳೆಯಲು ಏನಾದರೂ ತಿನ್ನಬೇಕೆಂಬ ಬಯಕೆಯುಂಟಾಗುತ್ತದೆ. ಅಲ್ಪ ಪ್ರಮಾಣದ ಮದ್ಯವು ಊಟದ ಪ್ರಮಾಣವನ್ನು ಹೆಚ್ಚಿಸುವುದೆಂದು ಪ್ರಯೋಗಗಳಿಂದಲೂ ತಿಳಿದುಬಂದಿದೆ.

ಸಕ್ಕರೆಯ ಕಾರ್ಯ ಇದಕ್ಕೆ ವ್ಯತಿರಿಕ್ತವಾದುದು. ಅದು ಬೇಗನೆ ತೃಪ್ತಿಯ ಭಾವವನ್ನುಂಟುಮಾಡಿ ನಾಲಿಗೆಯನ್ನು ಮಂದಗೊಳಿಸುತ್ತದೆ. ಕೆನೆ, ಹಾಲು, ಐಸ್‌ಕ್ರೀಂ ಸೇರಿದ ಪಾನೀಯಗಳು ಹೊಟ್ಟೆಯನ್ನೇ ತುಂಬುತ್ತವೆ. ಆದ್ದರಿಂದಲೇ ಅಂತಹವುಗಳನ್ನು ಊಟದ ನಂತರಕ್ಕೆ ಮೀಸಲಿಡುವುದು ರೂಢಿ. ಅತಿಯಾದ ಸೋಡಾ ಕೂಡ ಹೊಟ್ಟೆಯುಬ್ಬರ ತರುತ್ತದೆ.

ಇಲ್ಲಿ ಒಂದು ಲೆಕ್ಕವನ್ನು ಪರಿಶೀಲಿಸಬಹುದು. ನಮ್ಮ ಆಹಾರ ನಿಯಮಗಳಂತೆ ಸ್ಕ್ವಾಷ್ ಎನಿಸಿಕೊಳ್ಳಲು ಕನಿಷ್ಠ ಶೇ. 25ರಷ್ಟು ಹಣ್ಣಿನ ರಸವೂ ಶೇ. 40ರಷ್ಟು ಕರಗಿದ ಘನಾಂಶವೂ ಇರಬೇಕು. ಈ ಘನಾಂಶದ ಬಹುಪಾಲು ಸಕ್ಕರೆಯೇ. 50 ಮಿ.ಲೀ. ಸ್ಕ್ವಾಷಿಗೆ 150 ಮಿ.ಲೀ. ನೀರು ಬೆರೆಸಿದ ಒಂದು ಲೋಟದಲ್ಲಿ ಸುಮಾರು 20 ಗ್ರಾಂ ಅಥವಾ ಅದಕ್ಕೂ ಹೆಚ್ಚು ಸಕ್ಕರೆ ಸೇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯು 2015ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯಂತೆ ವಯಸ್ಕರೊಬ್ಬರು ಸೇರಿಸಿದ ಸಕ್ಕರೆಯನ್ನು ದಿನವೊಂದಕ್ಕೆ ಸುಮಾರು 50 ಗ್ರಾಂಗಿಂತ ಕಡಿಮೆಗೆ ಮಿತಿಗೊಳಿಸಬೇಕು. ಊಟಕ್ಕೆ ಮುಂಚಿನ ಒಂದೇ ಲೋಟವು ಈ ಮಿತಿಯ ಐದರಲ್ಲಿ ಎರಡು ಭಾಗವನ್ನು ನುಂಗಿಹಾಕಿದಂತಾಯಿತು.

ಆಯ್ಕೆಯ ಐದು ಅಳತೆಗಳು

ಮೇಲ್ಕಂಡ ವಿವರಗಳಿಂದ ಭೋಜನಪೂರ್ವ ಪಾನೀಯವನ್ನು ಆರಿಸಲು ಐದು ಅಳತೆಗಳನ್ನು ಗುರುತಿಸಬಹುದು.

1. ರುಚಿ: ಹುಳಿ ಅಥವಾ ಕಹಿ ಮುಂದಾಗಿರಬೇಕು. ಸಿಹಿಯು ಅವೆರಡರ ತೀಕ್ಷ್ಣತೆಯನ್ನು ಹದಗೊಳಿಸುವಷ್ಟೇ ಇರಬೇಕು.

2. ಪ್ರಮಾಣ: ಮಂಜುಗಡ್ಡೆ ಬಿಟ್ಟು 120ರಿಂದ 150 ಮಿ.ಲೀ. ಸಾಕು. ದೊಡ್ಡ ಲೋಟವು ಉದಾರತೆಯಂತೆ ಕಂಡರೂ ಊಟದ ಸ್ಥಳವನ್ನು ಆಕ್ರಮಿಸುತ್ತದೆ.

3. ಮದ್ಯಸಾರ: ಇರಲೇಬೇಕೆಂದಿಲ್ಲ. ಇದ್ದರೆ ಕಡಿಮೆಯಿರಬೇಕು.

4. ಪರಿಮಳ: ಕಿತ್ತಳೆ ಸಿಪ್ಪೆ, ಏಲಕ್ಕಿ, ಮೆಣಸು ಮುಂತಾದ ಒಂದೇ ಪರಿಮಳ ಎದ್ದುತೋರುವಂತಿರಬೇಕು. ಹತ್ತು ಬಗೆ ಸೇರಿದರೆ ಯಾವುದೂ ನಿಲ್ಲುವುದಿಲ್ಲ.

5. ಸಮಯ: ಊಟಕ್ಕೆ ಇಪ್ಪತ್ತರಿಂದ ಮೂವತ್ತು ನಿಮಿಷ ಮುಂಚೆ ಕೊಡುವುದು ಒಳಿತು. ಜೊತೆಗೆ ಹುರಿದ ಕಡಲೆಬೀಜ, ಗೋಡಂಬಿ ಅಥವಾ ಉಪ್ಪಿನಲ್ಲಿ ಹಾಕಿದ ಮಾವಿನ ಚೂರು ಇದ್ದರೆ ಸಾಕು. ಬಜ್ಜಿ, ಬೋಂಡಗಳನ್ನು ಇಟ್ಟರೆ ಪಾನೀಯದ ಉದ್ದೇಶವೇ ವಿಫಲವಾಗುತ್ತದೆ.

ಪ್ರಸಿದ್ಧ ಕಾಕ್‌ಟೇಲ್‌ಗಳ ಹೋಲಿಕೆ

ಮದ್ಯ ಪರವಾನಗಿ ಹೊಂದಿದ ಹೋಟೆಲು ಮತ್ತು ರೆಸಾರ್ಟುಗಳವರು ತಮ್ಮ ಪಟ್ಟಿಯಲ್ಲಿರುವ ಕಾಕ್‌ಟೇಲ್‌ಗಳನ್ನು ಇದೇ ಅಳತೆಗಳಿಂದ ಪರೀಕ್ಷಿಸಬಹುದು. ಶುದ್ಧ ಮದ್ಯಸಾರವನ್ನು ಲೆಕ್ಕಹಾಕುವ ವಿಧಾನ ಸುಲಭವಾದುದು: ಪ್ರತಿ ಘಟಕದ ಮಿ.ಲೀ. ಪ್ರಮಾಣವನ್ನು ಅದರ ಶೇಕಡಾ ಮದ್ಯಸಾರದಿಂದ ಗುಣಿಸಿ, ನೂರರಿಂದ ಭಾಗಿಸಿ, ಬಂದ ಮೊತ್ತಗಳನ್ನು ಕೂಡಬೇಕು. ಭಾರತದಲ್ಲಿ ತಯಾರಾಗುವ ಜಿನ್ನಿನಲ್ಲಿ ಸಾಮಾನ್ಯವಾಗಿ ಶೇ. 42.8ರಷ್ಟು ಮದ್ಯಸಾರವಿರುತ್ತದೆ. ಅಂದರೆ 30 ಮಿ.ಲೀ.ನ ಸಣ್ಣ ಪೆಗ್ಗಿನಲ್ಲಿ ಸುಮಾರು 13 ಮಿ.ಲೀ., 60 ಮಿ.ಲೀ.ನ ದೊಡ್ಡ ಪೆಗ್ಗಿನಲ್ಲಿ ಸುಮಾರು 26 ಮಿ.ಲೀ. ಶುದ್ಧ ಮದ್ಯಸಾರ ಇರುತ್ತದೆ. ಕಾಂಪಾರಿಯಲ್ಲಿ ಶೇ. 25, ವರ್ಮುತ್‌ನಲ್ಲಿ ಶೇ. 15, ಅಪೆರಾಲ್‌ನಲ್ಲಿ ಶೇ. 11 ಎಂದು ಹಿಡಿದರೆ ಕೆಳಗಿನ ಹೋಲಿಕೆ ದೊರೆಯುತ್ತದೆ.

ನೆಗ್ರೋನಿ: ಜಿನ್, ಕಾಂಪಾರಿ, ಸಿಹಿ ವರ್ಮುತ್ ತಲಾ 30 ಮಿ.ಲೀ. ಶುದ್ಧ ಮದ್ಯಸಾರ ಸುಮಾರು 25 ಮಿ.ಲೀ. ಹೆಸರುವಾಸಿಯಾದ ಪಾನೀಯವೇ ಆದರೂ ಪರಿಣಾಮದಲ್ಲಿ ಇದು ಒಂದು ದೊಡ್ಡ ಪೆಗ್ಗಿಗೆ ಸಮ.

ಅಮೆರಿಕಾನೊ: ಕಾಂಪಾರಿ ಮತ್ತು ಸಿಹಿ ವರ್ಮುತ್ ತಲಾ 30 ಮಿ.ಲೀ., ಮೇಲೆ ಸೋಡಾ. ಶುದ್ಧ ಮದ್ಯಸಾರ ಸುಮಾರು 12 ಮಿ.ಲೀ. ನೆಗ್ರೋನಿಯ ಕಹಿ ಮತ್ತು ಪರಿಮಳ ಇದರಲ್ಲಿಯೂ ಉಂಟು, ಮದ್ಯಸಾರ ಮಾತ್ರ ಅರ್ಧಕ್ಕಿಂತ ಕಡಿಮೆ.

ಅಪೆರಾಲ್ ಸ್ಪ್ರಿಟ್ಜ್: ನೊರೆಯುವ ಬಿಳಿ ವೈನ್ 90 ಮಿ.ಲೀ., ಅಪೆರಾಲ್ 60 ಮಿ.ಲೀ., ಸ್ವಲ್ಪ ಸೋಡಾ. ವೈನಿನಲ್ಲಿಯೂ ಶೇ. 11 ಎಂದು ಹಿಡಿದರೆ ಶುದ್ಧ ಮದ್ಯಸಾರ ಸುಮಾರು 16.5 ಮಿ.ಲೀ. ಕಹಿಗೆ ಹೊಸಬರಾದವರಿಗೆ ಇದು ಸೌಮ್ಯವಾಗಿ ತೋರುತ್ತದೆ.

ಡ್ರೈ ಮಾರ್ಟಿನಿ: ಜಿನ್ 60 ಮಿ.ಲೀ., ಒಣ ವರ್ಮುತ್ 10 ಮಿ.ಲೀ. ಶುದ್ಧ ಮದ್ಯಸಾರ ಸುಮಾರು 27 ಮಿ.ಲೀ. ಸಕ್ಕರೆ ಇಲ್ಲವೆಂಬಷ್ಟು ಕಡಿಮೆಯಿದ್ದು ರುಚಿಯ ಅಳತೆಯಲ್ಲಿ ಉತ್ತಮವೆನಿಸಿದರೂ, ದಿನವಿಡೀ ನಡೆದು ಬಳಲಿದ, ಖಾಲಿ ಹೊಟ್ಟೆಯ ಅತಿಥಿಗೆ ಇದು ತಕ್ಕುದಲ್ಲ.

ಜಿನ್ ಮತ್ತು ಟಾನಿಕ್: ಜಿನ್ 30 ಮಿ.ಲೀ., ಟಾನಿಕ್ 100 ಮಿ.ಲೀ. ಶುದ್ಧ ಮದ್ಯಸಾರ ಸುಮಾರು 13 ಮಿ.ಲೀ. ಆದರೆ ಟಾನಿಕ್ ನೀರು ಕಹಿಯಾಗಿದ್ದರೂ ಸಾಮಾನ್ಯವಾಗಿ 100 ಮಿ.ಲೀ.ಗೆ ಸುಮಾರು 8 ಗ್ರಾಂ ಸಕ್ಕರೆಯನ್ನು ಹೊಂದಿರುತ್ತದೆ ಎಂಬುದನ್ನು ಮರೆಯಬಾರದು. ಅರ್ಧ ಟಾನಿಕ್, ಅರ್ಧ ಸೋಡಾ ಬಳಸಿದರೆ ಸಕ್ಕರೆಯೂ ಅರ್ಧವಾಗುತ್ತದೆ.

ಈ ಹೋಲಿಕೆಯಿಂದ ತಿಳಿಯುವ ಅಂಶವೆಂದರೆ, ಪಾನೀಯದ ಖ್ಯಾತಿಯನ್ನಾಗಲಿ ಬೆಲೆಯನ್ನಾಗಲಿ ನೋಡಿ ಆಯ್ಕೆ ಮಾಡುವಂತಿಲ್ಲ. ಗುಡ್ಡದ ರಸ್ತೆಯಲ್ಲಿ ವಾಹನ ಓಡಿಸಬೇಕಾದ ಅತಿಥಿಗೆ ಮದ್ಯರಹಿತ ಪಾನೀಯವೊಂದೇ ಸರಿಯಾದ ಆಯ್ಕೆ. ಮದ್ಯಸೇವನೆಯಲ್ಲಿ ಆರೋಗ್ಯಕ್ಕೆ ಸುರಕ್ಷಿತವೆನ್ನಬಹುದಾದ ಪ್ರಮಾಣವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆಯು 2023ರಲ್ಲಿ ಸ್ಪಷ್ಟಪಡಿಸಿದೆ.

ಸ್ಥಳೀಯ ಸಾಮಗ್ರಿಗಳು

ಅಪೆರಾಲ್‌ನಂತಹ ಪಾನೀಯಗಳ ಜೀವಾಳ ಕಹಿಕಿತ್ತಳೆ. ಕೊಡಗಿನ ಹಿತ್ತಿಲುಗಳಲ್ಲಿ ‘ಕೈಪುಳಿ’ ಎಂಬ ಕಹಿಹುಳಿ ಹಣ್ಣು ಪರಿಚಿತವಾದುದೇ. ಮಲೆನಾಡಿನ ಮನೆಗಳಲ್ಲಿ ಚಿತ್ರಾನ್ನಕ್ಕೂ ಉಪ್ಪಿನಕಾಯಿಗೂ ಒದಗುವ ಹೇರಳೆಕಾಯಿಯದೂ ಇದೇ ಜಾತಿಯ ಗುಣ. ಇವುಗಳ ಸಿಪ್ಪೆಯ ಹೊರಪದರದಲ್ಲಿ ಪರಿಮಳದ ಎಣ್ಣೆಯೂ ಒಳಗಿನ ಬಿಳಿಭಾಗದಲ್ಲಿ ಕಹಿಯೂ ಇರುತ್ತವೆ. ಎರಡನ್ನೂ ಬೇರೆ ಬೇರೆಯಾಗಿ ನೆನೆಸಿ, ಬೇಕಾದ ಪ್ರಮಾಣದಲ್ಲಿ ಬೆರೆಸಿದರೆ ಕಹಿಯ ಹದ ಕೈಗೆ ಸಿಗುತ್ತದೆ.

ಕಿತ್ತಳೆ ಜಾತಿಯ ಹಣ್ಣುಗಳ ರಸವನ್ನು ಹಿಂಡಿಟ್ಟಾಗ ಕೆಲ ಗಂಟೆಗಳ ಬಳಿಕ ಅದು ಕಹಿಯಾಗುವುದು ಸ್ಕ್ವಾಷ್ ತಯಾರಕರಿಗೆಲ್ಲ ತಲೆನೋವಿನ ಸಂಗತಿ. ಬೀಜ ಮತ್ತು ತೊಳೆಯ ಪೊರೆಗಳಿಂದ ಬಿಡುಗಡೆಯಾಗುವ ಲಿಮೋನಿನ್ ಎಂಬ ವಸ್ತುವೇ ಇದಕ್ಕೆ ಕಾರಣ. ಸಿಹಿ ಪಾನೀಯದಲ್ಲಿ ದೋಷವೆನಿಸುವ ಈ ಕಹಿಯು ಅಳತೆಯಲ್ಲಿದ್ದರೆ ಭೋಜನಪೂರ್ವ ಪಾನೀಯದಲ್ಲಿ ಗುಣವಾಗುತ್ತದೆ. ಭೌಗೋಳಿಕ ಸೂಚಕ ಪಡೆದ ಕೊಡಗಿನ ಕಿತ್ತಳೆಯ ಬೆಳೆ ರೋಗಗಳಿಂದ ಬಹಳವಾಗಿ ಕುಗ್ಗಿರುವ ಈ ಕಾಲದಲ್ಲಿ ದೊರೆತ ಹಣ್ಣಿನ ಸಿಪ್ಪೆಯನ್ನು ಎಸೆಯದೆ ಬಳಸುವುದು ಲಾಭದಾಯಕ.

ಹುಳಿಗೆ ಮೂರು ಉತ್ತಮ ಆಧಾರಗಳಿವೆ. ಮೊದಲನೆಯದು ಪುನರ್ಪುಳಿ. ಒಣಗಿಸಿದ ಸಿಪ್ಪೆ ವರ್ಷವಿಡೀ ದೊರೆಯುವುದಲ್ಲದೆ ಕಾಂಪಾರಿಯನ್ನು ಹೋಲುವ ಕೆಂಪು ಬಣ್ಣವನ್ನೂ ಸಹಜವಾಗಿ ಕೊಡುತ್ತದೆ. ಎರಡನೆಯದು ಕಾಚಂಪುಳಿ. ಮಳೆಗಾಲದಲ್ಲಿ ಹಣ್ಣಾಗಿ ಉದುರುವ ಪಣಪುಳಿಯನ್ನು ಬುಟ್ಟಿಯಲ್ಲಿಟ್ಟು, ಸೋರಿದ ರಸವನ್ನು ಕಪ್ಪಗೆ ಗಟ್ಟಿಯಾಗುವವರೆಗೆ ಕುದಿಸಿದರೆ ಇದು ಸಿದ್ಧವಾಗುತ್ತದೆ. ಪಂದಿಕರಿಗೆ ಅನಿವಾರ್ಯವಾದ ಈ ಹುಳಿಯು ಕೆಲವೇ ಹನಿಗಳಲ್ಲಿ ಪಾನೀಯಕ್ಕೆ ಗಾಢತೆಯನ್ನು ತರುತ್ತದೆ. ಮೂರನೆಯದು ಪ್ಯಾಷನ್ ಹಣ್ಣು. ನೇರಳೆ ಮತ್ತು ಹಳದಿ ತಳಿಗಳನ್ನು ಸಂಕರಿಸಿ ‘ಕಾವೇರಿ’ ಎಂಬ ತಳಿಯನ್ನು ರೂಪಿಸಿದ್ದು ಚೆಟ್ಟಳ್ಳಿಯ ಕೇಂದ್ರೀಯ ತೋಟಗಾರಿಕಾ ಪ್ರಯೋಗ ಕೇಂದ್ರ. ತೀವ್ರ ಹುಳಿ ಮತ್ತು ತೀವ್ರ ಪರಿಮಳ ಎರಡೂ ಒಂದೇ ಹಣ್ಣಿನಲ್ಲಿ ಸೇರಿರುವುದು ಇದರ ವಿಶೇಷ.

ಖಾರ ಮತ್ತು ಪರಿಮಳಕ್ಕೆ ಶುಂಠಿ, ಕಾಳುಮೆಣಸು, ಏಲಕ್ಕಿ, ಸೂಜಿಮೆಣಸುಗಳಿವೆ. ಕಹಿಗೆ ಕಾಫಿಯೂ ಒದಗುತ್ತದೆ. 2019ರಲ್ಲಿ ಭೌಗೋಳಿಕ ಸೂಚಕ ಪಡೆದ ಕೊಡಗಿನ ಅರೇಬಿಕಾ ಕಾಫಿಯ ತಣ್ಣನೆಯ ಡಿಕಾಕ್ಷನ್ನಿಗೆ ಟಾನಿಕ್ ನೀರು ಬೆರೆಸಿದರೆ ಮದ್ಯವಿಲ್ಲದ ಉತ್ತಮ ಕಹಿ ಪಾನೀಯವಾಗುತ್ತದೆ. ನಿದ್ದೆ ಕೆಡುವವರಿಗೆ ಮಾತ್ರ ರಾತ್ರಿಯೂಟಕ್ಕೆ ಮುಂಚೆ ಇದನ್ನು ಕೊಡಬಾರದು. ಸಿಹಿಗೆ ಜೇನು ಅಥವಾ ಬೆಲ್ಲ ಸಾಕು.

ಸ್ಥಳೀಯ ಪರಿಮಳಕ್ಕೆ ಮಾರುಕಟ್ಟೆಯಿಲ್ಲವೆಂದು ಶಂಕಿಸಬೇಕಿಲ್ಲ. 2017ರಿಂದ ಈಚೆಗೆ ಗೋವಾದಲ್ಲಿ ತಲೆಯೆತ್ತಿದ ಸಣ್ಣ ಜಿನ್ ತಯಾರಿಕಾ ಘಟಕಗಳು ಭಾರತೀಯ ಸಾಂಬಾರ ಪದಾರ್ಥಗಳನ್ನೂ ಹಣ್ಣಿನ ಸಿಪ್ಪೆಗಳನ್ನೂ ಮುಂದಿಟ್ಟುಕೊಂಡೇ ದೇಶವಿದೇಶಗಳಲ್ಲಿ ಹೆಸರು ಗಳಿಸಿವೆ.

ಕೆಲವು ಮಾದರಿಗಳು

ಕೆಳಗಿನವು ಮದ್ಯರಹಿತ ಪಾನೀಯಗಳು. ಪ್ರಮಾಣಗಳು ಒಂದು ಲೋಟಕ್ಕೆ ಸಂಬಂಧಿಸಿದವು. ಹಣ್ಣಿನ ಹುಳಿ ಋತುವಿನಿಂದ ಋತುವಿಗೆ ಬದಲಾಗುವುದರಿಂದ ರುಚಿ ನೋಡಿ ಹೊಂದಿಸಿಕೊಳ್ಳಬೇಕು.

ಪುನರ್ಪುಳಿ ಸೋಡಾ: ಸಿಪ್ಪೆ ನೆನೆಸಿ ಸೋಸಿದ ಗಟ್ಟಿ ರಸ 25 ಮಿ.ಲೀ., ಬೆಲ್ಲದ ಪಾಕ 5 ಮಿ.ಲೀ., ಚಿಟಿಕೆ ಉಪ್ಪು, ಎರಡು ಕಾಳುಮೆಣಸಿನ ಪುಡಿ, ಸೋಡಾ 100 ಮಿ.ಲೀ. ಸಸ್ಯಾಹಾರಿ ಊಟಕ್ಕೂ ರೊಟ್ಟಿ ಪಲ್ಯಕ್ಕೂ ಹೊಂದುತ್ತದೆ.

ಕಹಿಕಿತ್ತಳೆ ಶುಂಠಿ: ಸಿಪ್ಪೆಯ ಕಷಾಯ 20 ಮಿ.ಲೀ., ಶುಂಠಿ ರಸ 5 ಮಿ.ಲೀ., ಜೇನು ಒಂದು ಚಹಾ ಚಮಚ, ತಣ್ಣೀರು ಅಥವಾ ಸೋಡಾ 100 ಮಿ.ಲೀ. ಎಣ್ಣೆ ಮತ್ತು ಮಾಂಸ ಹೆಚ್ಚಿರುವ ಊಟಕ್ಕೆ ಮುಂಚೆ ಉಚಿತವಾದುದು. ಕಹಿಕಿತ್ತಳೆಯು ಕೆಲವು ಔಷಧಿಗಳ ಪರಿಣಾಮವನ್ನು ವ್ಯತ್ಯಾಸಗೊಳಿಸುವುದರಿಂದ ನಿತ್ಯ ಔಷಧಿ ಸೇವಿಸುವ ಅತಿಥಿಗೆ ಮೊದಲೇ ತಿಳಿಸಬೇಕು.

ಪ್ಯಾಷನ್ ಟಾನಿಕ್: ಬೀಜ ಸೋಸಿದ ತಿರುಳು 20 ಮಿ.ಲೀ., ಟಾನಿಕ್ 50 ಮಿ.ಲೀ., ಸೋಡಾ 50 ಮಿ.ಲೀ. ಬೇರೆ ಸಕ್ಕರೆ ಬೇಡ.

ಕಾಚಂಪುಳಿ ಜೇನು: ಕಾಚಂಪುಳಿ ನಾಲ್ಕೈದು ಹನಿ, ಜೇನು ಒಂದು ಚಹಾ ಚಮಚ, ಸೀಳಿದ ಸೂಜಿಮೆಣಸು ಒಂದು, ನೀರು 120 ಮಿ.ಲೀ. ಐದು ನಿಮಿಷದ ಬಳಿಕ ಮೆಣಸನ್ನು ತೆಗೆದು ಕೊಡಬೇಕು. ಊಟದಲ್ಲಿ ಪಂದಿಕರಿ ಇದ್ದರೆ ಅದೇ ಹುಳಿ ಎರಡು ಕಡೆ ಮರುಕಳಿಸುವುದರಿಂದ ಅಂದು ಬೇರೆ ಪಾನೀಯವನ್ನು ಆರಿಸುವುದು ಮೇಲು.

ಪರವಾನಗಿ ಇರುವ ಕಡೆ ಮೊದಲ ಮೂರಕ್ಕೆ 30 ಮಿ.ಲೀ. ಜಿನ್ ಸೇರಿಸಿ ಕಾಕ್‌ಟೇಲ್ ರೂಪದಲ್ಲಿಯೂ ಕೊಡಬಹುದು. ಹೀಗೆ ಒಂದೇ ಸಾಮಗ್ರಿಯಿಂದ ಎರಡು ಬಗೆಯ ಗ್ರಾಹಕರಿಗೂ ಸೇವೆ ಸಲ್ಲುತ್ತದೆ. ಮದ್ಯ ಮುಟ್ಟದ ಅತಿಥಿಗೆ ಬೇರೆಯವರಷ್ಟೇ ಚೆಂದದ ಲೋಟ ದೊರೆತರೆ ಅವನಿಗೆ ಪಂಕ್ತಿಭೇದದ ಭಾವ ಬರುವುದಿಲ್ಲ.

ಕಾನೂನು ಮತ್ತು ತೆರಿಗೆ

ಕರ್ನಾಟಕ ಅಬಕಾರಿ ಅಧಿನಿಯಮ, 1965ರ ಪ್ರಕಾರ ಪರವಾನಗಿಯಿಲ್ಲದೆ ಮದ್ಯವನ್ನು ತಯಾರಿಸುವುದಾಗಲಿ ಮಾರುವುದಾಗಲಿ ಅಪರಾಧ. ವಸತಿಗೃಹಗಳಿಗೆ ಸಿ.ಎಲ್.-7, ಬಾರ್ ಮತ್ತು ರೆಸ್ಟೋರೆಂಟುಗಳಿಗೆ ಸಿ.ಎಲ್.-9 ಮಾದರಿಯ ಪರವಾನಗಿಗಳಿವೆ. ಪ್ರವಾಸೋದ್ಯಮ ಇಲಾಖೆಯ ಹೋಂಸ್ಟೇ ನೋಂದಣಿಯು ಮದ್ಯ ಮಾರಾಟಕ್ಕೆ ಅನುಮತಿಯಲ್ಲ. ‘ಮನೆಯಲ್ಲೇ ಮಾಡಿದ ವೈನ್’ ಎಂಬ ಚೀಟಿ ಹಚ್ಚಿದ ಮಾತ್ರಕ್ಕೆ ಹಣ್ಣಿನ ವೈನ್ ಕಾನೂನಿನ ವ್ಯಾಪ್ತಿಯಿಂದ ಹೊರಗುಳಿಯುವುದೂ ಇಲ್ಲ. ಊಟದ ದರದಲ್ಲಿಯೇ ಸೇರಿಸಿ ಉಚಿತವೆಂದು ಕೊಡುವುದು ಜಾಣತನವೆಂದು ತಿಳಿದವರು ಉದ್ಯಮವನ್ನೇ ಪಣಕ್ಕೊಡ್ಡಿದಂತೆ. ಸಿಪ್ಪೆ, ಬೇರುಗಳ ಸಾರವನ್ನು ಮದ್ಯಸಾರದಲ್ಲಿ ಇಳಿಸುವುದಕ್ಕೂ ಅಬಕಾರಿ ಅನುಮತಿ ಬೇಕು. ನೀರು, ಜೇನು, ವಿನೆಗರ್ ಬಳಸಿ ತೆಗೆದ ಸಾರಗಳಿಗೆ ಈ ತೊಡಕಿಲ್ಲ.

ಮದ್ಯರಹಿತ ಪಾನೀಯಗಳಿಗೆ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಅಧಿನಿಯಮ, 2006ರ ಅನ್ವಯ ನೋಂದಣಿ ಅಥವಾ ಪರವಾನಗಿ ಕಡ್ಡಾಯ. ಶೇ. 0.5ಕ್ಕಿಂತ ಹೆಚ್ಚು ಮದ್ಯಸಾರವಿದ್ದರೆ ಅದು ಮದ್ಯಯುಕ್ತ ಪಾನೀಯವೆನಿಸುತ್ತದೆ. ಹಣ್ಣಿನ ರಸ ಬಾಟಲಿಯಲ್ಲಿ ಹುದುಗಿದರೆ ಈ ಮಿತಿಯನ್ನು ದಾಟುವುದು ಕಷ್ಟವೇನಲ್ಲ. ಆಗ ಬಾಟಲಿ ಸಿಡಿಯುವ ಅಪಾಯದ ಜೊತೆಗೆ ‘ಮದ್ಯರಹಿತ’ ಎಂಬ ಚೀಟಿಯೂ ಸುಳ್ಳಾಗುತ್ತದೆ. ಆದ್ದರಿಂದ ಆಮ್ಲತೆಯನ್ನು ಪರೀಕ್ಷಿಸಿ, ಪಾಶ್ಚರೀಕರಿಸಿ, ಬಿಸಿಯಿರುವಾಗಲೇ ತುಂಬಿ, ಪ್ರತಿ ತಯಾರಿಕೆಯ ಕೆಲವು ಬಾಟಲಿಗಳನ್ನು ಬೆಚ್ಚಗಿನ ಕೋಣೆಯಲ್ಲಿಟ್ಟು ಗಮನಿಸಿದ ಬಳಿಕವೇ ಮಾರಾಟಕ್ಕೆ ಬಿಡಬೇಕು. ಶುಂಠಿ, ಮೆಣಸುಗಳ ನೀರಿನ ಕಷಾಯದಲ್ಲಿ ಹುಳಿ ಕಡಿಮೆಯಿರುವುದರಿಂದ ಅದನ್ನು ಹಾಗೆಯೇ ಬಾಟಲಿಗೆ ತುಂಬಬಾರದು. ಪಿ.ಎಚ್. ಮೌಲ್ಯವು 4.6ಕ್ಕಿಂತ ಕೆಳಗಿಳಿಯುವಂತೆ ಹುಳಿ ಸೇರಿಸುವುದು ಅಗತ್ಯ. ಹುಳಿಯನ್ನು ತಾಮ್ರ, ಹಿತ್ತಾಳೆ, ಅಲ್ಯೂಮಿನಿಯಂ ಪಾತ್ರೆಗಳಲ್ಲಿ ಶೇಖರಿಸಲೂ ಬಾರದು. ಇಂತಹ ತಾಂತ್ರಿಕ ವಿಷಯಗಳಲ್ಲಿ ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದ ಸಲಹೆ ಪಡೆಯುವುದು ವಿವೇಕಯುತ.

ತೆರಿಗೆಯ ದೃಷ್ಟಿಯಿಂದಲೂ ಉತ್ಪನ್ನದ ರೂಪ ಮುಖ್ಯವಾಗುತ್ತದೆ. 2025ರ ಸೆಪ್ಟೆಂಬರ್ 22ರಂದು ಜಾರಿಗೆ ಬಂದ ಬದಲಾವಣೆಯಂತೆ, ಅನಿಲ ತುಂಬದ ಹಣ್ಣಿನ ರಸದ ಪಾನೀಯಗಳಿಗೆ ಶೇ. 5ರ ಜಿ.ಎಸ್.ಟಿ. ನಿಗದಿಯಾಗಿದ್ದರೆ, ಅನಿಲ ತುಂಬಿದ ಹಣ್ಣಿನ ಪಾನೀಯಗಳಿಗೆ ಶೇ. 40 ನಿಗದಿಯಾಗಿದೆ. ಆದ್ದರಿಂದ ಸೋಡಾ ತುಂಬಿದ ಬಾಟಲಿಯನ್ನು ತಯಾರಿಸುವುದಕ್ಕೆ ಬದಲಾಗಿ ಹಣ್ಣಿನ ಸಾಂದ್ರ ರಸವನ್ನು ಮಾರಿ, ಸೋಡಾವನ್ನು ಬಳಕೆದಾರನೇ ಸೇರಿಸಿಕೊಳ್ಳುವಂತೆ ಮಾಡುವುದು ಸಣ್ಣ ತಯಾರಕನಿಗೆ ಅನುಕೂಲಕರ. ಇದರಿಂದ ಅನಿಲ ತುಂಬುವ ಯಂತ್ರದ ಬಂಡವಾಳವೂ ಉಳಿಯುತ್ತದೆ. ಹಣ್ಣಿನ ಅಂಶ ಕಡಿಮೆಯಿರುವ ಪಾನೀಯಗಳ ಮತ್ತು ಸಾಂದ್ರ ರಸಗಳ ವರ್ಗೀಕರಣ ಅವುಗಳ ಘಟಕಗಳನ್ನು ಅವಲಂಬಿಸಿರುವುದರಿಂದ, ದರ ನಿಗದಿಗೆ ಮುನ್ನ ತೆರಿಗೆ ಸಲಹೆಗಾರರಿಂದ ದೃಢಪಡಿಸಿಕೊಳ್ಳಬೇಕು.

ವರ್ತಕರು ಮತ್ತು ತಯಾರಕರ ಪಾತ್ರ

ಸಿಹಿ ಸ್ಕ್ವಾಷಿನ 750 ಮಿ.ಲೀ. ಬಾಟಲಿಯಿಂದ ಲೋಟಕ್ಕೆ 50 ಮಿ.ಲೀ.ನಂತೆ 15 ಲೋಟ ದೊರೆಯುತ್ತವೆ. ಗಾಢವಾದ ಹುಳಿಕಹಿ ಸಾರವನ್ನು ಲೋಟಕ್ಕೆ 25 ಮಿ.ಲೀ.ನಂತೆ ಬಳಸಿದರೆ ಅದೇ ಅಳತೆಯ ಬಾಟಲಿಯಿಂದ 30 ಲೋಟ ದೊರೆಯುತ್ತವೆ. ಬಾಟಲಿಯ ಬೆಲೆ ಒಂದೂವರೆ ಪಟ್ಟಾದರೂ ಹೋಂಸ್ಟೇಯವರಿಗೆ ಪ್ರತಿ ಲೋಟದ ಸಾರದ ವೆಚ್ಚ ಕಾಲುಭಾಗದಷ್ಟು ಕಡಿಮೆಯಾಗುತ್ತದೆ, ತಯಾರಕನಿಗೆ ಗಾಜು ಮತ್ತು ಸಾಗಣೆಯ ಖರ್ಚು ಉಳಿಯುತ್ತದೆ. ಸೋಡಾದ ಬೆಲೆಯನ್ನು ಮಾತ್ರ ಪ್ರತ್ಯೇಕವಾಗಿ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಬಾಟಲಿಯನ್ನು ಮಾರುವಾಗ ಬಾಯಿಮಾತಿನ ಹೊಗಳಿಕೆಗಿಂತ ಸಿದ್ಧ ಲೋಟವೊಂದರ ರುಚಿ, ಅಳತೆಯ ಚಿಕ್ಕ ಲೋಟ ಮತ್ತು ಬೆರೆಸುವ ವಿಧಾನದ ಒಂದು ಚೀಟಿ ಹೆಚ್ಚು ಪರಿಣಾಮಕಾರಿ. ಭೌಗೋಳಿಕ ಸೂಚಕದ ಹೆಸರುಗಳನ್ನು ಚೀಟಿಯಲ್ಲಿ ಬಳಸುವ ಮುನ್ನ ಅಧಿಕೃತ ಬಳಕೆದಾರರೆಂದು ನೋಂದಾಯಿಸಿಕೊಳ್ಳುವುದು ಅವಶ್ಯ.

ಆರಂಭದಲ್ಲಿ ಒಂದೇ ಪಾನೀಯವನ್ನು ಆರಿಸಿಕೊಂಡು, ಕೆಲವೇ ಹೋಂಸ್ಟೇಗಳಲ್ಲಿ ಒಂದು ಋತು ಬಳಸಿ, ತಟ್ಟೆಯಲ್ಲಿ ಉಳಿಯುವ ಅನ್ನ ಪಲ್ಯದ ಪ್ರಮಾಣವನ್ನು ಬರೆದಿಟ್ಟುಕೊಳ್ಳುವುದು ಅತ್ಯಂತ ಸರಳವಾದ ಪರೀಕ್ಷೆ. ಯಾವ ಸಮೀಕ್ಷೆಯೂ ಇದಕ್ಕಿಂತ ಸ್ಪಷ್ಟವಾದ ಉತ್ತರ ಕೊಡಲಾರದು.

ಸಾರಾಂಶ

ಭೋಜನಪೂರ್ವ ಪಾನೀಯವೆಂದರೆ ಸ್ವಾಗತದ ಔಪಚಾರಿಕತೆ ಮಾತ್ರವಲ್ಲ, ಊಟದ ಮೊದಲ ತುತ್ತು. ಅದು ಹುಳಿ ಅಥವಾ ಕಹಿಯಾಗಿ, ಅಲ್ಪವಾಗಿ, ಹಗುರವಾಗಿ, ಸಕಾಲದಲ್ಲಿ ಬರಬೇಕು. ಮದ್ಯವಿದ್ದರೆ ಲೆಕ್ಕ ಮತ್ತು ಪರವಾನಗಿ ಎರಡೂ ಇರಬೇಕು, ಇಲ್ಲದಿದ್ದರೆ ರುಚಿಗೇನೂ ಕೊರತೆಯಿಲ್ಲ. ಹಣ್ಣು ಹುಳಿಯೆಂದೋ ಸಿಪ್ಪೆ ಕಹಿಯೆಂದೋ ಕಳೆದುಕೊಳ್ಳುತ್ತಿರುವ ಪದಾರ್ಥಗಳೇ ಈ ವ್ಯಾಪಾರದ ಮೂಲಧನ. ಸೋಮವಾರಪೇಟೆಯ ಉದ್ದಿಮೆದಾರರು ಅಳತೆ, ಶುಚಿತ್ವ ಮತ್ತು ಕಾನೂನುಪಾಲನೆ ಎಂಬ ಮೂರು ಶಿಸ್ತುಗಳನ್ನು ಇದಕ್ಕೆ ಸೇರಿಸಿದಲ್ಲಿ ಅತಿಥಿಯ ಹಸಿವಿನೊಂದಿಗೆ ಊರಿನ ವಹಿವಾಟೂ ವೃದ್ಧಿಸುವುದು.